ಒಂದೇ ಹೆಸರಿನ ಹಲವು ಸೊಳ್ಳೆಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಚಳಿಜ್ವರದ ಚರಿತ್ರೆಗೆ ಪೀಠಿಕೆ

ವಿಜಾಪುರ ಸೀಮೆಯ ಇತಿಹಾಸವನ್ನು ಬರೆದವರೆಲ್ಲರೂ ಬರಗಾಲವನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಜ್ವರವನ್ನು ಕುರಿತು ಬರೆದವರು ವಿರಳ. ಇದಕ್ಕೆ ಕಾರಣವಿಲ್ಲದಿಲ್ಲ. ಬರವು ಒಂದು ವರ್ಷಕ್ಕೆ, ಒಂದು ಹೆಸರಿಗೆ, ಕಂದಾಯದ ಕಾಗದಪತ್ರಗಳ ಒಂದು ಕಟ್ಟಿಗೆ ಸೇರಿದ ಘಟನೆ. ಚಳಿಜ್ವರವಾದರೋ ಮಳೆಗಾಲದ ಬೆನ್ನಿಗೆ ಬಂದು, ಜೋಳದ ಬೆಳೆ ಎದೆಯುದ್ದ ಬೆಳೆಯುವ ಹೊತ್ತಿಗೆ ಮನೆಯಲ್ಲಿ ಒಬ್ಬಿಬ್ಬರನ್ನು ಮಲಗಿಸಿ, ಸದ್ದಿಲ್ಲದೆ ಹೊರಟುಹೋಗುವಂಥದು. ಹತ್ತೊಂಬತ್ತನೆಯ ಶತಮಾನದ ಮರಣದ ದಫ್ತರಗಳಲ್ಲಿ ‘ಜ್ವರ’ವೆಂಬ ಒಂದೇ ಕಲಮಿನೊಳಗೆ ಅದೂ ಸೇರಿತು, ಅದಲ್ಲದ ಇತರ ಹತ್ತು ಬೇನೆಗಳೂ ಸೇರಿದವು. 1876–78ರ ಮಹಾ ಬರಗಾಲದಲ್ಲಿ, ಆಗಿನ್ನೂ ಕಲಾದಗಿ ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿದ್ದ ಈ ನಾಡು ತನ್ನ ಜನರಲ್ಲಿ ಬಹು ದೊಡ್ಡ ಪಾಲನ್ನು ಕಳೆದುಕೊಂಡಿತು. ಅನ್ನವಿಲ್ಲದೆ ಸತ್ತವರೆಷ್ಟು, ಮಳೆ ಮರಳಿದ ಮೇಲೆ ಕೃಶ ಶರೀರಗಳಿಗೆ ತಗುಲಿದ ಜ್ವರದಿಂದ ಸತ್ತವರೆಷ್ಟು ಎಂಬ ವಿಭಾಗವನ್ನು ಆ ದಫ್ತರಗಳು ನಮಗೆ ಮಾಡಿಕೊಡುವುದಿಲ್ಲ. ಆದರೆ ಮುಂಬಯಿ ಮತ್ತು ಮದರಾಸು ಇಲಾಖೆಗಳೆರಡರಲ್ಲಿಯೂ ಬರದ ಹಿಂದೆಯೇ ಜ್ವರವು ಬಂದಿತೆಂಬುದು ನಿರ್ವಿವಾದವಾದ ಸಂಗತಿ.

ಈ ಜ್ವರದ ಚರಿತ್ರೆಯನ್ನು ಬರೆಯಲು ಹೊರಡುವವನು ಮನುಷ್ಯರ ದಾಖಲೆಗಳನ್ನಷ್ಟೇ ನೋಡಿದರೆ ಸಾಲದು. ಕೀಟಗಳ ಚರಿತ್ರೆಯನ್ನೂ ನೋಡಬೇಕು. ಅಲ್ಲಿಯೂ ಒಂದು ತೊಡಕಿದೆ. ನಮ್ಮ ಹಳ್ಳಿಗರು ಗುಂಗಾಡು ಎನ್ನಲಿ, ಚಿಕ್ಕಾಡು ಎನ್ನಲಿ, ಪಂಡಿತರು ಅನಾಫಿಲಿಸ್ ಎನ್ನಲಿ, ಹೆಸರು ಒಂದಾದ ಮಾತ್ರಕ್ಕೆ ಪ್ರಾಣಿಯೂ ಒಂದೇ ಎಂದು ಭಾವಿಸಿದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಆದ ನಷ್ಟ ಸಣ್ಣದಲ್ಲ. ರಕ್ತವನ್ನು ಹೀರುವ ಕೀಟಗಳಲ್ಲಿ ಒಂದೇ ಪ್ರಭೇದವೆಂದು ಕಾಣುವ ಸಮುದಾಯದೊಳಗೆ ಊರಿನಿಂದ ಊರಿಗೆ, ನೀರಿನಿಂದ ನೀರಿಗೆ ಭಿನ್ನತೆ ಇರುತ್ತದೆ. ಆ ಭಿನ್ನತೆಯೇ ಕೆಲವೊಮ್ಮೆ ರೋಗವಿರುವ ಊರಿಗೂ ಇಲ್ಲದ ಊರಿಗೂ ಇರುವ ಅಂತರವಾಗಿರುತ್ತದೆ. ಈ ಜ್ಞಾನವು ಹೇಗೆ ಹುಟ್ಟಿತು, ಅದರಲ್ಲಿ ಕನ್ನಡನಾಡಿನ ಪಾಲೇನು, ಕೃಷ್ಣಾ–ಭೀಮಾ ನದಿಗಳ ನಡುವಣ ನಾಲ್ಕು ತಾಲೂಕುಗಳ ಪಾಲಿಗೆ ಅದರ ಅರ್ಥವೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ದೂರದ ಒಂದು ನಿದರ್ಶನವನ್ನು ನೋಡಬಹುದು. 1909ರಲ್ಲಿ ಬ್ರೆಜಿಲ್ ದೇಶದ ಕಾರ್ಲೋಸ್ ಚಾಗಸ್ ಎಂಬ ವೈದ್ಯನು, ಬಡವರ ಮಣ್ಣಿನ ಮನೆಗಳ ಗೋಡೆಯ ಬಿರುಕುಗಳಲ್ಲಿ ಅಡಗಿ ರಾತ್ರಿ ಹೊರಬಂದು ರಕ್ತ ಹೀರುವ ಒಂದು ಬಗೆಯ ದೊಡ್ಡ ತಿಗಣೆಯಿಂದ ಹೊಸದೊಂದು ರೋಗ ಹರಡುವುದನ್ನು ಪ್ರಕಟಿಸಿದನು. ಅದೇ ವರ್ಷ ಮದರಾಸಿನಲ್ಲಿ, ಕಾಳಾಆಜಾರದ ಪರೋಪಜೀವಿಯನ್ನು ಕಂಡು ಪ್ರಸಿದ್ಧನಾಗಿದ್ದ ಚಾರ್ಲ್ಸ್ ಡೊನೊವನ್, ಅದೇ ಬಳಗಕ್ಕೆ ಸೇರಿದ ಟ್ರಯಟೋಮಾ ರುಬ್ರೊಫ್ಯಾಸಿಯೇಟಾ ಎಂಬ ಕೀಟದ ಕರುಳಿನಲ್ಲಿ ಬಾಲವುಳ್ಳ ಸೂಕ್ಷ್ಮಜೀವಿಗಳನ್ನು ಕಂಡನು. ಕಾಳಾಆಜಾರವನ್ನು ಇದೇ ಕೀಟ ಹರಡುತ್ತಿರಬಹುದೆಂದು ಅವನು ಶಂಕಿಸಿದ್ದು ತಪ್ಪಾಯಿತು; ಆ ಅಪರಾಧ ಮರಳುನೊಣದ್ದೆಂದು 1942ರಲ್ಲಿ ಸಿದ್ಧವಾಯಿತು. ಆದರೆ ಪಾಠ ಉಳಿಯಿತು. ಬಳಗ ಒಂದೇ, ಚಾಳಿ ಒಂದೇ. ಬ್ರೆಜಿಲಿನಲ್ಲಿ ಮಾರಕವಾದುದು ಮದರಾಸಿನಲ್ಲಿ ಹಾಗಾಗಲಿಲ್ಲ. ಅಮೆರಿಕೆಯ ಆ ಕೀಟಗಳಲ್ಲಿಯೇ ಆಂಡೀಸ್ ಪರ್ವತದ ಸಮುದಾಯ ಬೇರೆ, ಬಯಲಿನ ಸಮುದಾಯ ಬೇರೆ ಎಂಬುದು, ಅವುಗಳ ವರ್ಣತಂತುಗಳ ಗಾತ್ರದಲ್ಲಿಯೇ ಗಣನೀಯ ಅಂತರವಿದೆಯೆಂಬುದು 2000ದ ನಂತರ ತಿಳಿಯಿತು. ಈ ಪ್ರಶ್ನೆಯ ಪ್ರೌಢ ಚರಿತ್ರೆ ಮಾತ್ರ ತಿಗಣೆಯದಲ್ಲ, ಸೊಳ್ಳೆಯದು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡನು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಭಾರತದ ಸೊಳ್ಳೆಗಳಿಗೆ ಹೆಸರಿಡುವ ಕೆಲಸ ಭರದಿಂದ ಸಾಗಿತು. 1901ರಲ್ಲಿ ಗೈಲ್ಸ್ ಎಂಬಾತ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬುದಕ್ಕೂ, ಅದೇ ವರ್ಷ ಲಿಸ್ಟನ್ ಎಂಬಾತ ಅನಾಫಿಲಿಸ್ ಸ್ಟೀಫೆನ್ಸಿ ಎಂಬುದಕ್ಕೂ ಹೆಸರು ಕೊಟ್ಟರು. ಮೊದಲನೆಯದು ಹಳ್ಳಿಯ ಸೊಳ್ಳೆ. ಹೊಳೆಯ ಪಾತ್ರದ ಮಡುಗಳು, ಕಾಲುವೆಯ ಬದಿಯ ತಗ್ಗುಗಳು, ಬಾವಿಗಳು ಅದರ ತವರು. ಎರಡನೆಯದು ಬಹುಮಟ್ಟಿಗೆ ಪೇಟೆಯ ಸೊಳ್ಳೆ. ನೀರಿನ ತೊಟ್ಟಿ, ಹೌದು, ಬಾವಿಗಳಲ್ಲಿ ಬೆಳೆಯುವುದು. ಮುಂಬಯಿ ಪಟ್ಟಣದ ಜ್ವರಕ್ಕೆ ಮನೆಮನೆಯ ಬಾವಿಗಳಲ್ಲಿದ್ದ ಸ್ಟೀಫೆನ್ಸಿಯೇ ಕಾರಣವೆಂದು ಬೆಂಟ್ಲಿ 1911ರ ತನ್ನ ವರದಿಯಲ್ಲಿ ತೋರಿಸಿದಾಗ, ಬಾವಿ ಮುಚ್ಚುವುದು ಧರ್ಮವೋ ಅಧರ್ಮವೋ ಎಂದು ಆ ಪಟ್ಟಣದಲ್ಲಿ ದೊಡ್ಡ ಜಿಜ್ಞಾಸೆಯೇ ನಡೆಯಿತು.

ಹೆಸರಿಡುವುದು ಮುಗಿದಾಗ ಅಧ್ಯಯನವೂ ಮುಗಿಯಿತೆಂದೇ ಬಹಳ ಜನ ತಿಳಿದರು. ಆದರೆ ಯುರೋಪಿನಲ್ಲಿ ಒಂದು ಒಗಟು ಉಳಿದಿತ್ತು. ಮಲೇರಿಯಾ ಹರಡುವ ಸೊಳ್ಳೆ ಹೇರಳವಾಗಿದ್ದೂ ಜ್ವರವೇ ಇಲ್ಲದ ಸೀಮೆಗಳು ಅಲ್ಲಿ ಹಲವಿದ್ದವು. ಇದನ್ನು ಬಿಡಿಸಿದವನು ದೊಡ್ಡ ವಿದ್ಯಾಪೀಠದ ಆಚಾರ್ಯನಲ್ಲ; ಇಟಲಿಯ ಡೊಮೆನಿಕೊ ಫಲ್ಲೆರೋನಿ ಎಂಬ ಆರೋಗ್ಯ ಇಲಾಖೆಯ ಅಧಿಕಾರಿ. ಸೊಳ್ಳೆಗಳನ್ನು ಸಾಕಿ, ಅವು ಇಟ್ಟ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದ ಅವನಿಗೆ, ರೂಪದಲ್ಲಿ ಅಭಿನ್ನವಾದ ತಾಯಿಸೊಳ್ಳೆಗಳು ಭಿನ್ನ ಬಣ್ಣದ, ಭಿನ್ನ ಪಟ್ಟೆಗಳ ಮೊಟ್ಟೆಗಳನ್ನಿಡುವುದು ಕಂಡಿತು. ಪ್ರತಿಯೊಂದು ತಾಯಿಯೂ ತನ್ನದೇ ಮಾದರಿಯನ್ನು ತಪ್ಪದೆ ಪಾಲಿಸುತ್ತಿತ್ತು. 1926ರಲ್ಲಿ ಅವನು ಇದನ್ನು ಪ್ರಕಟಿಸಿ, ಎರಡು ಬಗೆಗಳಿಗೆ ತನ್ನ ಸ್ನೇಹಿತರಿಬ್ಬರ ಹೆಸರನ್ನಿಟ್ಟನು. ರಾಕ್‌ಫೆಲರ್ ಪ್ರತಿಷ್ಠಾನದ ಹ್ಯಾಕೆಟ್ ಮತ್ತು ಇಟಲಿಯ ಮಿಸ್ಸಿರೋಲಿ ಈ ಸುಳಿವನ್ನು ಹಿಡಿದು, ಒಂದು ಬಗೆಯ ಸೊಳ್ಳೆ ದನಗಳ ರಕ್ತವನ್ನೂ ಇನ್ನೊಂದು ಮನುಷ್ಯನ ರಕ್ತವನ್ನೂ ಅರಸುವುದೆಂದು ತೋರಿಸಿದರು. ಜ್ವರವಿಲ್ಲದ ಊರುಗಳಲ್ಲಿದ್ದುದು ಮೊದಲನೆಯದು. ಒಗಟು ಬಿಡಿಸಿದಂತಾಯಿತು.

ಇದೇ ದೃಷ್ಟಿಯಿಂದ ಭಾರತದ ಸೊಳ್ಳೆಯ ಮೊಟ್ಟೆಯನ್ನು ನೋಡಿದ ಕೀರ್ತಿ ಮೈಸೂರು ಸಂಸ್ಥಾನಕ್ಕೆ ಸಲ್ಲಬೇಕು. 1920ರ ದಶಕದ ಕೊನೆಯಲ್ಲಿ ಸಂಸ್ಥಾನದ ಆರೋಗ್ಯ ಇಲಾಖೆಯು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಮೀಕ್ಷೆಗಳನ್ನು ಕೈಗೊಂಡಿತು. ಪ್ರತಿಷ್ಠಾನದ ಪರವಾಗಿ ಡಬ್ಲ್ಯು. ಸಿ. ಸ್ವೀಟ್, ಇಲಾಖೆಯ ಪರವಾಗಿ ಡಾ. ಬಿ. ಎ. ರಾವ್ ಈ ಕಾರ್ಯದಲ್ಲಿ ತೊಡಗಿದರು. ಅನಾಫಿಲಿಸ್ ಸೊಳ್ಳೆಯ ಮೊಟ್ಟೆ ದೋಣಿಯ ಆಕಾರದ್ದು. ಅದರ ಎರಡು ಪಾರ್ಶ್ವಗಳಲ್ಲಿ ನೀರಿನ ಮೇಲೆ ತೇಲಿಸುವ ಗಾಳಿಚೀಲಗಳಿದ್ದು, ಅವುಗಳ ಮೇಲೆ ಅಡ್ಡಲಾಗಿ ಏಣುಗಳಿರುತ್ತವೆ. ಸ್ಟೀಫೆನ್ಸಿಯ ಮೊಟ್ಟೆಗಳ ಏಣುಗಳನ್ನು ಎಣಿಸಿದಾಗ ಹೆಚ್ಚು ಏಣುಗಳ ಒಂದು ಕುಲ, ಕಡಿಮೆ ಏಣುಗಳ ಇನ್ನೊಂದು ಕುಲ ಸ್ಪಷ್ಟವಾಗಿ ಕಂಡವು. 1937ರ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಇವರು ಪ್ರಕಟಿಸಿದ ಲೇಖನದಲ್ಲಿ ಎರಡನೆಯ ಕುಲಕ್ಕೆ ‘ಮೈಸೊರೆನ್ಸಿಸ್’ ಎಂದು ಹೆಸರಿಟ್ಟರು. ಒಂದು ಕನ್ನಡ ಸೀಮೆಯ ಹೆಸರು ಜಗತ್ತಿನ ಮಲೇರಿಯಾಶಾಸ್ತ್ರದಲ್ಲಿ ಸೇರಿದುದು ಹೀಗೆ. ಮರುವರ್ಷ ಸುಬ್ಬರಾವ್ ಎಂಬ ಸಹೋದ್ಯೋಗಿಯೊಡನೆ ಮೊಟ್ಟೆಗಳ ಅಳತೆಗಳನ್ನೂ ಎರಡು ಕುಲಗಳ ಸಂಕರ ಪ್ರಯೋಗಗಳನ್ನೂ ಪ್ರಕಟಿಸಿದರು.

ಈ ಕೆಲಸದ ಹೆಚ್ಚುಗಾರಿಕೆ ಎಣಿಕೆಯಲ್ಲಿಲ್ಲ, ಎಣಿಕೆಯಿಂದ ಹೊರಟ ಪ್ರಶ್ನೆಯಲ್ಲಿದೆ. ಹೆಚ್ಚು ಏಣಿನ ಸೊಳ್ಳೆ ಪಟ್ಟಣವಾಸಿ, ಮನುಷ್ಯನಿಗೆ ಅಪಾಯಕಾರಿ; ಕಡಿಮೆ ಏಣಿನದು ಗ್ರಾಮವಾಸಿ, ದನಗಳನ್ನು ನೆಚ್ಚಿದ್ದು, ಭಾರತದ ಮಟ್ಟಿಗೆ ರೋಗವಾಹಕವಾಗಿ ದುರ್ಬಲವಾದದ್ದು. ಐವತ್ತು ವರ್ಷಗಳ ತರುವಾಯ, 1987ರಲ್ಲಿ, ಸರಳಾ ಸುಬ್ಬರಾವ್ ಮತ್ತು ಅವರ ಸಂಗಡಿಗರು ಇದನ್ನು ಮತ್ತೆ ಶೋಧಿಸಿ ಮೂರು ರೂಪಗಳನ್ನು ಗುರುತಿಸಿದರು: ಮೂಲರೂಪದಲ್ಲಿ 14ರಿಂದ 22 ಏಣುಗಳು, ಮಧ್ಯಮರೂಪದಲ್ಲಿ 12ರಿಂದ 17, ಮೈಸೊರೆನ್ಸಿಸ್ ರೂಪದಲ್ಲಿ 9ರಿಂದ 15. ಸಂಖ್ಯೆಗಳು ಒಂದರ ಮೇಲೊಂದು ಹಾಯುವುದನ್ನು ಓದುಗರು ಗಮನಿಸಬೇಕು. ಒಂದೇ ಮೊಟ್ಟೆಯನ್ನು ನೋಡಿ ತೀರ್ಪು ಕೊಡಲಾಗದು, ಒಂದು ತಾಯಿಯ ಹಲವು ಮೊಟ್ಟೆಗಳನ್ನು ಎಣಿಸಬೇಕು. ಈ ರೂಪಗಳು ತಮ್ಮೊಳಗೆ ಕೂಡಿ ಫಲವಂತವಾದ ಸಂತತಿಯನ್ನು ಪಡೆಯುವುದರಿಂದ ಉಪಜಾತಿಯೆಂಬ ಪದವಿ ಅವಕ್ಕೆ ಉಳಿಯಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಭಾರತದಲ್ಲಿ ಸಾಧುವೆನಿಸಿಕೊಂಡ ಮೈಸೊರೆನ್ಸಿಸ್ ರೂಪವೇ ದಕ್ಷಿಣ ಇರಾನಿನ ಹಳ್ಳಿಗಳಲ್ಲಿ ಮಲೇರಿಯಾ ಹರಡುವುದು. ಕುಲವನ್ನು ನೋಡಿ ಗುಣವನ್ನು ನಿರ್ಣಯಿಸುವ ಅವಸರಕ್ಕೆ ಸೊಳ್ಳೆಗಳೂ ಒಪ್ಪುವುದಿಲ್ಲವೆಂದಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ವಿಜಾಪುರವು ಮೈಸೂರಿನ ಭಾಗವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಅವುಗಳ ಪೂರ್ವಕ್ಕಿದ್ದ ಕಲಬುರ್ಗಿ ಜಿಲ್ಲೆ ನಿಜಾಮರ ಆಡಳಿತದಲ್ಲಿತ್ತು. ಪಶ್ಚಿಮದ ಅಂಚಿನಲ್ಲಿ ಜತ್ತದಂಥ ಸಣ್ಣ ಸಂಸ್ಥಾನಗಳಿದ್ದವು. ಸೊಳ್ಳೆಗೆ ಸರಹದ್ದಿಲ್ಲ, ವರದಿಗೆ ಇದೆ. ಮೈಸೂರಿನಲ್ಲಿ ತಯಾರಾದ ತಿಳಿವಳಿಕೆ ಮೈಸೂರಿನ ಕಡತದಲ್ಲಿ, ಮುಂಬಯಿಯ ತಿಳಿವಳಿಕೆ ಮುಂಬಯಿಯ ಕಡತದಲ್ಲಿ ಉಳಿಯಿತು. ಮುಂಬಯಿ ಇಲಾಖೆಯ ಗಮನವಾದರೂ ಸಹ್ಯಾದ್ರಿಯ ಕಾಡುಜ್ವರದ ಕಡೆಗೆ, ಎಂದರೆ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಮಲೆನಾಡಿನ ಕಡೆಗೆ ಇತ್ತು. ಅಲ್ಲಿ ಹರಿಯುವ ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಊರಿಗೆ ಊರನ್ನೇ ಬರಿದು ಮಾಡುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದೊಡನೆ, 1946ರ ಸುಮಾರಿಗೆ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಈ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ದೊಡ್ಡ ಪ್ರಯೋಗ ನಡೆಯಿತು. ಇಂಥ ವಿಸ್ತಾರದ ಪ್ರಯೋಗಗಳಲ್ಲಿ ಭಾರತದಲ್ಲಿ ಇದು ಮೊದಮೊದಲಿನದು. ಜ್ವರ ಇಳಿದ ಪರಿ ಕಂಡವರಿಗೆ ಪವಾಡದಂತೆಯೇ ತೋರಿತು.

ಆ ಪವಾಡವೇ ಸೊಳ್ಳೆಯ ಕುಲಭೇದದ ಅಧ್ಯಯನಕ್ಕೆ ಮುಳುವಾಯಿತೆಂದು ನನ್ನ ಅಭಿಪ್ರಾಯ. ಗೋಡೆಯ ಮೇಲೆ ಕುಳಿತ ಸೊಳ್ಳೆಗಳೆಲ್ಲ ಸಾಯುವುದಾದರೆ, ಕುಳಿತದ್ದು ಯಾವ ಕುಲದ್ದೆಂದು ಕೇಳುವವರಾರು? 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಪ್ರಾರಂಭವಾಯಿತು. 1958ರಲ್ಲಿ ಅದು ನಿರ್ಮೂಲನ ಯೋಜನೆಯೆಂದು ಹೆಸರು ಬದಲಿಸಿಕೊಂಡಿತು. ನಡುವೆ, 1956ರ ನವೆಂಬರ್ 1ರಂದು, ವಿಜಾಪುರವು ವಿಶಾಲ ಮೈಸೂರಿಗೆ ಸೇರಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಹಿಡಿಯುತ್ತಿದ್ದುದೆಂದು ಅಂದಾಜು ಮಾಡಲಾದ ಜ್ವರವು 1960ರ ದಶಕದ ನಡುವೆ ಇಡೀ ದೇಶದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆದರೆ 1959ರಲ್ಲಿಯೇ ಡಿ.ಡಿ.ಟಿ.ಗೆ ಬಗ್ಗದ ಕ್ಯುಲಿಸಿಫೇಸಿಸ್ ಸೊಳ್ಳೆ ಗುಜರಾತದ ಸೀಮೆಯಲ್ಲಿ ಕಂಡುಬಂದಿತ್ತು. ಅದೂ ಸಮುದಾಯದೊಳಗಿನ ಭಿನ್ನತೆಯೇ. ಸಾವಿರ ಸೊಳ್ಳೆಗಳಲ್ಲಿ ವಿಷವನ್ನು ತಾಳುವ ನಾಲ್ಕು ಇದ್ದರೆ, ಮಿಕ್ಕವು ಸತ್ತ ಮೇಲೆ ಊರೆಲ್ಲ ಆ ನಾಲ್ಕರ ಸಂತಾನವೇ. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಮಿಕ್ಕಿ ಮಲೇರಿಯಾ ರೋಗಿಗಳು ದಾಖಲಾದರು. ಮರುವರ್ಷ ಯೋಜನೆಯನ್ನು ಪರಿಷ್ಕರಿಸಬೇಕಾಯಿತು. ‘ನಿರ್ಮೂಲನ’ದ ಮಾತು ಹೆಸರಿನಲ್ಲಿ ಉಳಿಯಿತು, ಕೆಲಸದಲ್ಲಿ ಉಳಿಯಲಿಲ್ಲ.

ನಮ್ಮ ಸೀಮೆಯ ಮನೆಗಳ ರಚನೆಯನ್ನು ಬಲ್ಲವರಿಗೆ ಸಿಂಪಡಣೆಯ ಮಿತಿ ಏನೆಂದು ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದೊಡನೆ ತಗ್ಗಿನ ಅಂಕಣದಲ್ಲಿ ಎತ್ತು, ಆಕಳು, ಎಮ್ಮೆ. ಅದಕ್ಕೆ ಹೊಂದಿ ಎತ್ತರದ ಪಡಸಾಲೆಯಲ್ಲಿ ಮನುಷ್ಯರು. ದನದ ವಾಸನೆಗೆ ಬಂದ ಸೊಳ್ಳೆಗೆ ಮನುಷ್ಯನು ನಾಲ್ಕು ಮೊಳದ ದೂರದಲ್ಲಿ ಸಿಗುತ್ತಾನೆ. ಹಬ್ಬ ಬಂದಿತೆಂದರೆ ಗೋಡೆಗೆ ಮಣ್ಣು–ಸಗಣಿಯ ಸಾರಣೆ. ಅದರ ಕೆಳಗೆ ಡಿ.ಡಿ.ಟಿ.ಯ ಲೇಪ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವುದರಿಂದ ಒಳಗೋಡೆಯ ವಿಷಕ್ಕೂ ಅವರಿಗೂ ಸಂಬಂಧವೇ ಇರುವುದಿಲ್ಲ. ಇವು ಜನರ ತಪ್ಪುಗಳಲ್ಲ. ಆ ನೆಲದಲ್ಲಿ, ಆ ಬಿಸಿಲಿನಲ್ಲಿ ಬದುಕುವ ಕ್ರಮಗಳು.

ಕ್ಯುಲಿಸಿಫೇಸಿಸ್ ಸೊಳ್ಳೆಯ ವಿಷಯದಲ್ಲಿ ನಿಜವಾದ ತಿರುವು ಬಂದುದು 1980ರಲ್ಲಿ. ಹೊಟ್ಟೆಯಲ್ಲಿ ಮೊಟ್ಟೆಗಳು ಅರೆಬಲಿತ ಹೆಣ್ಣುಸೊಳ್ಳೆಯ ಅಂಡಾಶಯದ ಜೀವಕೋಶಗಳಲ್ಲಿ ವರ್ಣತಂತುಗಳು ದಪ್ಪವಾಗಿ, ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಆ ಪಟ್ಟೆಗಳ ಕ್ರಮವನ್ನು ಓದಿದ ಗ್ರೀನ್ ಮತ್ತು ಮೈಲ್ಸ್ ಎಂಬ ವಿದ್ವಾಂಸರು, ಎಂಬತ್ತು ವರ್ಷಗಳಿಂದ ಒಂದೇ ಎಂದು ತಿಳಿದಿದ್ದ ಕ್ಯುಲಿಸಿಫೇಸಿಸ್ ನಿಜವಾಗಿ ಎರಡು ಪ್ರಭೇದಗಳೆಂದು ಸಾರಿದರು. ಹೊರರೂಪದಲ್ಲಿ ಭೇದವಿಲ್ಲ, ಒಂದೇ ಕೊಟ್ಟಿಗೆಯ ಗೋಡೆಯ ಮೇಲೆ ಎರಡೂ ಕುಳಿತಿರಬಹುದು, ಆದರೆ ಪ್ರಕೃತಿಯಲ್ಲಿ ಅವು ಒಂದರೊಡನೊಂದು ಕೂಡಿ ಸಂಸಾರ ಮಾಡುವುದಿಲ್ಲ. ಇವನ್ನು ಸೋದರ ಪ್ರಭೇದಗಳೆನ್ನುತ್ತಾರೆ. ಭಾರತದ ಸಂಶೋಧಕರು 1983ರಲ್ಲಿ ಮೂರನೆಯದನ್ನೂ 1991ರಲ್ಲಿ ನಾಲ್ಕನೆಯದನ್ನೂ 1999ರಲ್ಲಿ ರಾಮೇಶ್ವರದ ದ್ವೀಪದಿಂದ ಐದನೆಯದನ್ನೂ ಸೇರಿಸಿದರು. ‘ಎ’ಯಿಂದ ‘ಇ’ವರೆಗೆ ಅಕ್ಷರಗಳಿಂದಲೇ ಅವುಗಳ ನಿರ್ದೇಶ. ಇವುಗಳಲ್ಲಿ ‘ಬಿ’ ಬಹು ವಿಸ್ತಾರವಾಗಿ ಹರಡಿದ್ದು, ರೋಗವಾಹಕವಾಗಿ ತೀರ ದುರ್ಬಲವಾದದ್ದು. ಮಿಕ್ಕವು ಜ್ವರವನ್ನು ಹರಡುತ್ತವೆ. ಫ್ಲುವಿಯಾಟಿಲಿಸಿನ ಕಥೆಯೂ ಹೀಗೆಯೇ ಆಯಿತು. 1994ರಲ್ಲಿ ಅದರೊಳಗೆ ಮೂರು ಪ್ರಭೇದಗಳು ಕಂಡವು, ಮನುಷ್ಯರಕ್ತವನ್ನು ಅರಸುವುದು ಅವುಗಳಲ್ಲಿ ಒಂದೇ.

ಈ ಜ್ಞಾನವನ್ನು ಹಿಂದಣ ಕಾಲಕ್ಕೆ ಹಚ್ಚಿ ನೋಡಿದರೆ ಇತಿಹಾಸಕಾರನ ಮುಂದೆ ತೆರೆಯುವ ದೃಶ್ಯ ವಿಷಾದಕರವಾದುದು. ಕ್ಯುಲಿಸಿಫೇಸಿಸ್ ಹೇರಳವೆಂದು ವರದಿಯಾದ ಊರಿಗೆ ಮೊದಲು ಮದ್ದು ಹೋಗುತ್ತಿತ್ತು. ಆ ಹೇರಳವಾದುದು ‘ಬಿ’ ಆಗಿದ್ದರೆ, ವೆಚ್ಚವೂ ಶ್ರಮವೂ ನಿರುಪದ್ರವಿಯಾದ ಕೀಟದ ಮೇಲೆ ಹೋದವು. ಸೊಳ್ಳೆ ಕಡಮೆಯೆಂದು ಬಿಟ್ಟ ಪಕ್ಕದ ಊರಿನಲ್ಲಿ ‘ಎ’ ಇದ್ದರೆ, ಜ್ವರ ಅಲ್ಲಿ ಬೆಳೆಯಿತು. ಸೊಳ್ಳೆ ಹೆಚ್ಚಾದಷ್ಟೂ ಜ್ವರ ಹೆಚ್ಚು ಎಂಬ ಸಾಮಾನ್ಯ ಗ್ರಹಿಕೆ ಕಂಡಷ್ಟು ದೃಢವಾದುದಲ್ಲ. ಒಳನಾಡಿನ ಹಳ್ಳಿಗಳ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕುವ ಅನಾಫಿಲಿಸ್ ಸಬ್‌ಪಿಕ್ಟಸ್ ಎಂಬುದು ಬಹುತೇಕ ದನಗಳ ಸೊಳ್ಳೆ.

ಈಗ ನಾಲ್ಕು ತಾಲೂಕುಗಳ ನೀರನ್ನು ನೋಡೋಣ. ಇಲ್ಲಿ ತಾಲೂಕುಗಳೆಂದರೆ ಹಳೆಯ ಮೇರೆಯವು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲೂಕುಗಳು ಇತ್ತೀಚೆಗೆ ಇವುಗಳಿಂದಲೇ ಒಡೆದವು. ಜಿಲ್ಲೆಯೂ 1997ರಲ್ಲಿ ಬಾಗಲಕೋಟೆಯನ್ನು ಕಳೆದುಕೊಂಡು, 2014ರಿಂದ ವಿಜಯಪುರವೆಂದಾಗಿದೆ. ಉತ್ತರಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ದಕ್ಷಿಣಕ್ಕೆ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿನಲ್ಲಿ ಕೃಷ್ಣೆ. ನಡುವೆ ತಾಳಿಕೋಟೆಯ ಬಳಿ ಹಾಯ್ದು ಕೃಷ್ಣೆಯನ್ನು ಸೇರುವ ಡೋಣಿ. ಡೋಣಿಯ ನೀರು ಸವುಳು, ದಂಡೆಯ ಎರೆಭೂಮಿ ಬಂಗಾರ. ಹೊಳೆ ತುಂಬಿ ಹರಿದ ವರ್ಷ ಜೋಳಕ್ಕೆ ಕೊರತೆಯಿಲ್ಲವೆಂಬ ನಂಬಿಕೆ ಈ ನಾಡಿನಲ್ಲಿ ಹಳೆಯದು. ಬೇಸಿಗೆಯಲ್ಲಿ ಈ ಹೊಳೆಗಳು ಕಡಿದು ಮಡುಗಳಾಗಿ ನಿಲ್ಲುತ್ತಿದ್ದವು. ಅಂಥ ಮಡುಗಳು ಕ್ಯುಲಿಸಿಫೇಸಿಸ್ ಬಳಗಕ್ಕೆ ಪ್ರಶಸ್ತವಾದ ತಾಣ. ಹೊಳೆಯಿಂದ ದೂರದ ಹಳ್ಳಿಗಳಲ್ಲಿ ಬಾವಿಯೇ ಗತಿ. ನೀರು ದುರ್ಲಭವಾದುದರಿಂದ ಹರಿವಿ, ಕೊಡ, ಕಲ್ಲಿನ ತೊಟ್ಟಿಗಳಲ್ಲಿ ದಿನಗಟ್ಟಲೆ ಕೂಡಿಡುವುದು ವಾಡಿಕೆ. ಕೂಡಿಟ್ಟ ಆ ನೀರು ಸ್ಟೀಫೆನ್ಸಿಗೆ ಆಹ್ವಾನ. ಹೀಗೆ ನೀರಿನ ಅಭಾವವೂ ಸೊಳ್ಳೆಯನ್ನು ಸಾಕುತ್ತದೆ, ನೀರಿನ ಸಮೃದ್ಧಿಯೂ ಸಾಕುತ್ತದೆ; ಸಾಕುವ ಕುಲ ಮಾತ್ರ ಬೇರೆಬೇರೆ.

ಸಮೃದ್ಧಿ ಬಂದುದು ತಡವಾಗಿ. 1964ರ ಮೇ 22ರಂದು ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಕೆಳಗಿನ ನಾರಾಯಣಪುರದ ಜಲಾಶಯ 1980ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಅದರ ಎಡದಂಡೆಯ ನಾಲೆಯಿಂದ ಹೊರಟ ಇಂಡಿ ಶಾಖಾಕಾಲುವೆಯು ಕೃಷ್ಣೆಯ ನೀರನ್ನು ಭೀಮೆಯ ಕಡೆಯ ಸಿಂದಗಿ, ಇಂಡಿಗಳ ಎರೆಹೊಲಗಳಿಗೆ ಒಯ್ದಿತು. 519.60 ಮೀಟರಿನವರೆಗೆ ನೀರು ನಿಲ್ಲಿಸುವ ಆಲಮಟ್ಟಿಯ ಅಣೆಕಟ್ಟು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಪೂರ್ಣವಾಯಿತು. ಊರುಗಳು ಮುಳುಗಿದವು, ಎತ್ತರದಲ್ಲಿ ಪುನರ್ವಸತಿಯ ಕೇಂದ್ರಗಳು ಎದ್ದವು. ಎರೆಮಣ್ಣಿನ ಗುಣ ಬಲ್ಲವರಿಗೆ ಮುಂದಿನದು ಊಹಿಸಲು ಕಷ್ಟವಲ್ಲ. ನೀರನ್ನು ಕುಡಿದರೆ ಬಿಡದ ಮಣ್ಣದು. ಕಾಲುವೆಯ ಬಸಿನೀರು ತಗ್ಗಿನಲ್ಲಿ ನಿಲ್ಲುತ್ತದೆ. ಏರಿಗೆ ಮಣ್ಣು ತೆಗೆದ ಗುಂಡಿಗಳು ಕೆರೆಗಳಾಗುತ್ತವೆ. 1990ರ ದಶಕದಲ್ಲಿ ಕೃಷ್ಣೆಯ ನಾಲೆಗಳು ಹಬ್ಬಿದ ಜಿಲ್ಲೆಗಳು ರಾಜ್ಯದ ಮಲೇರಿಯಾ ಪೀಡಿತ ಜಿಲ್ಲೆಗಳ ಸಾಲಿನಲ್ಲಿ ಮುಂದೆ ಬಂದು ನಿಂತುದು ಆಕಸ್ಮಿಕವಲ್ಲ.

ಇದು ಮುಂಗಾಣಲಾಗದ ವಿಪತ್ತೂ ಆಗಿರಲಿಲ್ಲ. 1930ರ ದಶಕದಲ್ಲಿ ಕಾವೇರಿಯ ಇರ್ವಿನ್ ನಾಲೆ, ಎಂದರೆ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದುದು, ಮಂಡ್ಯದ ಒಣನೆಲಕ್ಕೆ ನೀರು ತಂದಾಗ ಅದರ ಬೆನ್ನಿಗೇ ಚಳಿಜ್ವರವೂ ಬಂದಿತ್ತು. ಬಿ. ಎ. ರಾವ್ ಅವರೂ ಅವರ ಸಹೋದ್ಯೋಗಿಗಳೂ ಅದನ್ನು ಕಣ್ಣಾರೆ ಕಂಡು ದಾಖಲಿಸಿದ್ದರು. ಅಲ್ಲಿಯ ಆಪಾದಿತ ಸೊಳ್ಳೆಯೂ ಕ್ಯುಲಿಸಿಫೇಸಿಸ್. ಕಬ್ಬಿನ ಗದ್ದೆಯೊಡನೆ ಜ್ವರದ ಗುಳಿಗೆಯನ್ನೂ ಒದಗಿಸಬೇಕಾಯಿತು. ಮಂಡ್ಯದ ಅನುಭವ ಒಂದೇ ರಾಜ್ಯದ ಕಡತಗಳಲ್ಲಿದ್ದರೂ ಅರ್ಧಶತಮಾನದ ಮೇಲೆ ಮುದ್ದೇಬಿಹಾಳಕ್ಕೆ ತಲುಪಬೇಕಾದಷ್ಟು ತಲುಪಲಿಲ್ಲ. ನೀರಾವರಿಯ ಎಂಜಿನಿಯರು ಘನ ಅಡಿಗಳಲ್ಲಿ ಯೋಚಿಸುತ್ತಾನೆ, ಆರೋಗ್ಯಾಧಿಕಾರಿ ರಕ್ತಲೇಪನದ ಗಾಜುಗಳಲ್ಲಿ. ಇಬ್ಬರ ನಡುವೆ ಗುಂಡಿಯಲ್ಲಿ ನಿಂತ ನೀರು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಸೇರಿಸದೆ ಈ ಸೀಮೆಯ ಜ್ವರದ ಚಿತ್ರ ಪೂರ್ಣವಾಗದು. ಮಳೆ ತಪ್ಪಿದ ವರ್ಷ, ಸುಗ್ಗಿ ಮುಗಿದ ತಿಂಗಳು, ಇಂಡಿ–ಸಿಂದಗಿಗಳ ಕೂಲಿಜನರು ಮುಂಬಯಿ, ಗೋವೆ, ಮಂಗಳೂರುಗಳಿಗೆ ಗುಳೆ ಹೋಗುವುದು ತಲೆಮಾರುಗಳಿಂದ ಬಂದುದು. ಅಲ್ಲಿ ಅವರ ವಸತಿ ಕಟ್ಟಡದ ಕೆಲಸ ನಡೆಯುವಲ್ಲಿಯೇ. ಗಾರೆಗಾಗಿ, ಸಿಮೆಂಟಿನ ಚಾವಣಿ ನೆನೆಯಿಸುವುದಕ್ಕಾಗಿ ನಿಲ್ಲಿಸಿದ ನೀರಿನ ಪಕ್ಕದಲ್ಲಿ. ಗೋವೆಯಲ್ಲಿ 1986ರ ನಂತರ ಎದ್ದ ಮಲೇರಿಯಾಕ್ಕೆ ಇಂಥ ನೀರಿನಲ್ಲಿ ಬೆಳೆದ ಪಟ್ಟಣದ ಸ್ಟೀಫೆನ್ಸಿಯೇ ಮುಖ್ಯ ಕಾರಣ. ಸ್ಥಳೀಯರು ಕೂಲಿಕಾರರೇ ಜ್ವರ ತಂದರೆಂದರು. ವಾಸ್ತವವಾಗಿ ಜ್ವರವು ಎರಡೂ ದಿಕ್ಕಿಗೆ ಹರಿದಿರಬೇಕು: ಸಮುದ್ರತೀರದ ತೊಟ್ಟಿಯ ಸೊಳ್ಳೆ ಕೊಟ್ಟುದನ್ನು ದೇಹದಲ್ಲಿ ಹೊತ್ತು ಊರಿಗೆ ಮರಳಿದವನಿಂದ ಕಾಲುವೆಯ ಸೊಳ್ಳೆ ಅದನ್ನು ಪಡೆಯಿತು; ಮರುವರ್ಷ ಕಾಲುವೆಯ ಜ್ವರ ತೀರಕ್ಕೆ ಹೋಯಿತು. ಎಂದೂ ಒಂದನ್ನೊಂದು ಭೇಟಿಯಾಗದ ಎರಡು ಕೀಟಸಮುದಾಯಗಳ ನಡುವೆ ಬಡವನೇ ಹಾದಿಯಾದನು. ಅವನನ್ನು ದೂಷಿಸುವ ಬದಲು ಅವನ ಹಾದಿಯನ್ನು ನಕಾಶೆಯಲ್ಲಿ ಬರೆದುಕೊಳ್ಳುವುದು ಇತಿಹಾಸದ ವಿದ್ಯಾರ್ಥಿಗೆ ಉಪಯುಕ್ತ.

ಸ್ಟೀಫೆನ್ಸಿಯ ಕುಲಭೇದದ ಪ್ರಶ್ನೆ ಇತ್ತೀಚೆಗೆ ಮತ್ತೆ ಎದ್ದಿದೆ. 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಈ ಸೊಳ್ಳೆ ಹೊಸದಾಗಿ ಕಾಣಿಸಿಕೊಂಡಿತು. ಆಫ್ರಿಕದ ನಗರಗಳು ಇದುವರೆಗೆ ಕಾಣದಿದ್ದ ಆಪತ್ತು ಅದು. ಹೋದುದು ಯಾವ ರೂಪವೆಂದು ತಿಳಿಯುವುದಕ್ಕಾಗಿ 1937ರ ಲೇಖನವನ್ನು ಮತ್ತೆ ಬಿಚ್ಚಬೇಕಾಯಿತು. 2018ರಲ್ಲಿ ಕೆಲವರು, ವಾಸನೆಯನ್ನು ಗ್ರಹಿಸುವ ಒಂದು ಪ್ರೋಟೀನಿನ ಜೀನನ್ನು ಆಧಾರ ಮಾಡಿಕೊಂಡು, ಮೂರು ರೂಪಗಳೂ ಪ್ರತ್ಯೇಕ ಪ್ರಭೇದಗಳೇ ಎಂದು ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಏಣುಗಳನ್ನು ಎಣಿಸಿದ ಮೈಸೂರಿನ ಆ ವೈದ್ಯರು ಪ್ರಭೇದವೆನ್ನದೆ ‘ಕುಲ’ವೆಂದಷ್ಟೇ ಕರೆದು ನಿಂತುದರಲ್ಲಿ ಒಂದು ಸಂಯಮವಿತ್ತೆಂದು ಈಗ ಅನಿಸುತ್ತದೆ.

ಕೊನೆಯದಾಗಿ ಬಾವಿಯ ವಿಷಯ. ಕರ್ನಾಟಕದ ಹಳ್ಳಿಗಳಲ್ಲಿ ಎಸ್. ಕೆ. ಘೋಷ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ಯುಲಿಸಿಫೇಸಿಸ್ ಬಳಗದಲ್ಲಿ ಜ್ವರ ಹರಡುವ ಪ್ರಭೇದವು ಬಾವಿಗಳನ್ನು ಆಶ್ರಯಿಸಿತ್ತೆಂದು ಕಂಡಿತು. ಊರಿನ ಎಲ್ಲ ನೀರನ್ನೂ ಬೆನ್ನಟ್ಟದೆ ಬಾವಿಗಳಲ್ಲಿ ಮರಿಹುಳುಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಟ್ಟರೆ, ಅಪಾಯಕಾರಿಯಾದ ಪ್ರಭೇದಕ್ಕೇ ಪೆಟ್ಟು ಬೀಳುತ್ತದೆ. ಡೋಣಿಯಿಂದ ಭೀಮೆಯವರೆಗಿನ ಹಳ್ಳಿಗಳಲ್ಲಿ ಕಾಲುವೆಯ ನೀರು, ನಳದ ನೀರು ಬಂದ ಮೇಲೆ ಸೇದುವವರಿಲ್ಲದೆ ಬಿದ್ದ ಬಾವಿಗಳೆಷ್ಟೋ ಇವೆ. ಆರೋಗ್ಯ ಕೇಂದ್ರಗಳ ಹಳೆಯ ರಕ್ತಪರೀಕ್ಷೆಯ ವಹಿಗಳನ್ನೂ ನೀರಾವರಿ ಇಲಾಖೆಯು ಕಾಲುವೆಗೆ ನೀರು ಬಿಟ್ಟ ದಿನಾಂಕಗಳನ್ನೂ ಊರಿನ ಬಾವಿಗಳ ಪಟ್ಟಿಯನ್ನೂ ಎದುರುಬದುರು ಇಟ್ಟುಕೊಂಡು ಓದುವ ಕೆಲಸಕ್ಕೆ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ತೊಡಗಿದರೆ, ಒಂದೊಂದು ಹಳ್ಳಿಯ ಜ್ವರದ ಕಾಲಾನುಕ್ರಮವನ್ನು ಸಿದ್ಧಪಡಿಸಬಹುದು. ಬಾವಿಗೆ ಮೀನು ಬಿಡುವುದಾದರೂ ಹೊಸ ಯುಕ್ತಿಯಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರು, ಮುಂದೆ ಮೊಟ್ಟೆಯ ಏಣುಗಳನ್ನು ಎಣಿಸಿದ ಅದೇ ಡಾ. ಬಿ. ಎ. ರಾವ್.